ಓಗೊಡದ ದಿಬ್ಬ

ಹಾಲಗುಂದದಿಂದ ಮೂಡಲಿಗೆ ಹೊರಟ ರಸ್ತೆ ಎರೆಹೊಲಗಳ ನಡುವೆ ನೆಟ್ಟಗೆ ಸಾಗುತ್ತದೆ. ಒಂದು ಕಡೆ ಮಾತ್ರ ಕಲ್ಲುದಿಬ್ಬವೊಂದನ್ನು ಹತ್ತಿ ಇಳಿಯುತ್ತದೆ. ಹೇಳಿಕೊಳ್ಳುವಂಥ ಎತ್ತರವೇನೂ ಅಲ್ಲ. ನೆತ್ತಿಯ ಮೇಲೆ ಒಂದು ಬೇವಿನ ಮರ, ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಅಷ್ಟೆ. ಸುತ್ತಲಿನ ಊರವರು ಇದನ್ನು ಓಗೊಡದ ದಿಬ್ಬ ಎನ್ನುತ್ತಾರೆ. ಇಲ್ಲಿ ನಿಂತು ಕೂಗಿದರೆ ಮಾರ್ದನಿ ಬರುವುದಿಲ್ಲ, ಅದಕ್ಕೇ ಈ ಹೆಸರು ಎಂದು ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಬರೆದದ್ದುಂಟು. ಬಟಾಬಯಲಿನಲ್ಲಿ ಮಾರ್ದನಿ ಎಲ್ಲಿಂದ ಬರಬೇಕು? ಪಾಪ, ಅವರು ದಿಬ್ಬವನ್ನು ನೋಡಿದರು, ಊರವರನ್ನು ಕೇಳಲಿಲ್ಲ.

ಹಿಂದೆ ಒಮ್ಮೆ ಹಾಲಗುಂದ ಒಂದು ರಾಜ್ಯದ ರಾಜಧಾನಿಯಾಗಿತ್ತು. ಮೂಡಣ ಕಡಲಿನಾಚೆ, ಹಡಗಿನಲ್ಲಿ ತಿಂಗಳುಗಟ್ಟಲೆ ಹೋದರೆ ಸಿಗುವ ತಾಳದ್ವೀಪಕ್ಕೂ ಈ ಎರೆಸೀಮೆಗೂ ಏನು ಸಂಬಂಧ ಎಂದು ಕೇಳಬಹುದು. ಮೊದಲು ಸಂಬಂಧ ಬೆಳೆಸಿದ್ದು ಅರಿವೆ. ಇಲ್ಲಿನ ಹತ್ತಿಬಟ್ಟೆ ಅಲ್ಲಿಗೆ ಹೋಯಿತು, ಅಲ್ಲಿನ ಲವಂಗ ಇಲ್ಲಿಗೆ ಬಂತು. ವ್ಯಾಪಾರಿಗಳ ಹಿಂದೆ ಅರಸರ ಕಾಣಿಕೆಗಳು ಹೋದವು, ಕಾಣಿಕೆಗಳ ಹಿಂದೆ ರಾಯಭಾರಿಗಳು. ನಮ್ಮ ನೇಕಾರರ ಒಂದು ಕೇರಿಯೇ ಅಲ್ಲಿ ಎದ್ದಿತು. ಅವರ ವೈದ್ಯನೊಬ್ಬ ಇಲ್ಲಿಗೆ ಬಂದು ರಾಣಿಯ ಜ್ವರ ಬಿಡಿಸಿ, ಇಲ್ಲೇ ಮದುವೆಯಾಗಿ, ಜೋಳದ ರೊಟ್ಟಿ ಬಡಿಯುವುದನ್ನೂ ಕಲಿತನಂತೆ. ಹೀಗೆ ಹಾಲು ಸಕ್ಕರೆಯಂತಿದ್ದ ನಂಟಿಗೆ ಹುಳಿ ಹಿಂಡಿದ್ದು ಒಂದು ನಾಲಿಗೆ. ಮರಳಿ ಬರುತ್ತಿದ್ದ ರಾಯಭಾರಿಯೊಬ್ಬ ದಾರಿಯ ಛತ್ರದಲ್ಲಿ ದ್ವೀಪದ ಅರಸನ ಕಾಯಿಲೆಯ ಗುಟ್ಟನ್ನು ಬಾಯಿಬಿಟ್ಟ. ಗುಟ್ಟು ಹಗೆಗಳ ಕಿವಿ ಮುಟ್ಟಿ, ಹಡಗುಗಳು ಕೊಳ್ಳೆಹೋದವು. ಅಂದಿನಿಂದ ಎರಡೂ ಕಡೆಯವರು ಕೂಡಿ 'ಬಾಯಿಕಟ್ಟು' ಎಂಬ ವ್ರತ ಮಾಡಿಕೊಂಡರು. ಮರಳಿ ಬರುವ ಮುಖ್ಯ ರಾಯಭಾರಿಯು ಗಡಿಯ ಸುಂಕದಕಟ್ಟೆ ದಾಟುವಾಗ ದ್ವೀಪದ ಅರಸ ಕೊಟ್ಟ ಲವಂಗವೊಂದನ್ನು ನಾಲಿಗೆಯ ಕೆಳಗಿಟ್ಟುಕೊಳ್ಳಬೇಕು. ಅದನ್ನು ಹಾಲಗುಂದದ ಅರಸನ ಮುಂದೆ ತೆಗೆಯುವ ತನಕ ಯಾರೊಡನೆಯೂ ಒಂದು ಸೊಲ್ಲೂ ಆಡಬಾರದು. ಆಡಿದರೆ ಅವನು ತಂದ ಮಾತಿಗೆ ಬೆಲೆಯಿಲ್ಲ. ಜೊತೆಯವರಿಗೆ ಈ ಕಟ್ಟು ಇರಲಿಲ್ಲ.

ಈ ದಿಬ್ಬದ ಕೆಳಗೆ ಆಗ ಬಾಚವ್ವ ಎಂಬ ಕುರಿ ಸಾಕುವ ಹೆಂಗಸಿನ ಗುಡಿಸಲು ಇತ್ತು. ಗಂಡ ಸತ್ತಿದ್ದ, ಇದ್ದವನು ಒಬ್ಬನೇ ಮಗ ನಾಕಯ್ಯ. ಅವನು ದಿಬ್ಬದ ಮೇಲೆ ಕುರಿ ಮೇಯಿಸುತ್ತಿದ್ದರೆ ಅವಳು ಕೆಳಗಿನಿಂದ "ನಾಕಾ" ಎಂದು ಕರೆಯುವಳು, ಅವನು ಮೇಲಿನಿಂದ "ಓ ಅವ್ವಾ" ಎನ್ನುವನು. ಊಟಕ್ಕೆ ಕರೆದರೂ ಅಷ್ಟೇ, ಸುಮ್ಮನೆ ಕರೆದರೂ ಅಷ್ಟೇ. ದಾರಿಯಲ್ಲಿ ಇಳಿದುಕೊಳ್ಳುತ್ತಿದ್ದ ದ್ವೀಪದ ವರ್ತಕರೊಡನೆ ಆಡಿ ಆಡಿ ನಾಕಯ್ಯನಿಗೆ ಅವರ ಭಾಷೆ ಬಾಯಿಗೆ ಹತ್ತಿತು. ಮಾಯಿದೇವರಸನೆಂಬ ಹಿರಿಯ ರಾಯಭಾರಿ ಅವನನ್ನು ದುಭಾಷಿಯಾಗಿ ಕರೆದುಕೊಂಡು ಹೊರಟ. ಬೀಳ್ಕೊಡುವಾಗ ಬಾಚವ್ವ ಅಳಲಿಲ್ಲ. "ನೀ ಬರೂತನಕ ದಿನಾ ಸಂಜಿಗೆ ದಿಬ್ಬದ ಮ್ಯಾಲಿಂದ ಕರೀತೀನಿ. ಎಲ್ಲಿದ್ರೂ ಓ ಅನ್ನು. ನನಗ ಕೇಳಸ್ತದ," ಎಂದಳು.

ದ್ವೀಪದಲ್ಲಿ ಅರಸು ಬದಲಾಗಿ ರಾಯಭಾರಿಗಳು ವರ್ಷಗಟ್ಟಲೆ ಕಾಯಬೇಕಾಯಿತು. ಸುದ್ದಿಯಿಲ್ಲ, ಸುಳಿವಿಲ್ಲ. ಹೋದವರನ್ನು ಕೊಂದುಹಾಕಿದ್ದಾರೆ ಎಂಬ ಗುಲ್ಲು ಹಾಲಗುಂದದಲ್ಲಿ ಹಬ್ಬಿತು. ಅರಸ ಕೆರಳಿ, ಪೇಟೆಯಲ್ಲಿದ್ದ ದ್ವೀಪದ ವರ್ತಕರನ್ನು ಸೆರೆಗೆ ಹಾಕಿಸಿದ. ಅತ್ತ ದ್ವೀಪದಲ್ಲಿ ಮಾಯಿದೇವರಸ ಕಾಯಿಲೆಯಿಂದ ತೀರಿಕೊಂಡಾಗ ಹೊಸ ಅರಸ ಗೆಳೆತನದ ಮಾತನ್ನು ನಾಕಯ್ಯನ ಕೈಗೇ ಒಪ್ಪಿಸಿದ. ಕುರಿ ಕಾಯುತ್ತಿದ್ದವನು ಈಗ ಮುಖ್ಯ ರಾಯಭಾರಿ. ಸುಂಕದಕಟ್ಟೆಯಲ್ಲಿ ಲವಂಗ ಬಾಯಿಗಿಟ್ಟ ಮೇಲೆ ಕಾವಲಿನವನು ಹೇಳಿದ, ಸೆರೆಯಲ್ಲಿರುವ ವರ್ತಕರನ್ನು ಅಂದು ಸಂಜೆಯೇ ಶೂಲಕ್ಕೇರಿಸುತ್ತಾರೆ ಎಂದು. ನಾಕಯ್ಯ ಕಾಲ್ನಡಿಗೆಯ ಜೊತೆಯವರನ್ನು ಒಂದು ದಿನದ ದಾರಿ ಹಿಂದೆ ಬಿಟ್ಟು ಒಬ್ಬನೇ ಕುದುರೆ ಓಡಿಸಿದ.

ಹೊತ್ತು ಪಡುವಣಕ್ಕೆ ವಾಲಿದಾಗ ದಿಬ್ಬ ಹತ್ತಿದ. ಬೇವಿನ ಮರದಡಿ ಅವ್ವ ಕುಳಿತಿದ್ದಳು. ಅವನ ಎದೆ ಹಿಗ್ಗಿತು. ಮಾತಾಡದಿದ್ದರೇನು, ಕಣ್ಣಲ್ಲಿ ಕಂಡರೆ ಸಾಕಲ್ಲ ಎಂದು ಕುದುರೆಯಿಂದ ಇಳಿದು ಅವಳ ಮುಂದೆ ನಿಂತ. ಬಾಚವ್ವ ಮುಖವೆತ್ತಿದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಯಾರಪ್ಪಾ?" ಎಂದಳು. ಮೂಗರಳಿಸಿ, "ಲವಂಗದ ವಾಸನಿ. ಮಾಯಿದೇವರಸರೇನ್ರಿ? ನಿಮಗ ಮಾತಾಡಾಕ ಬರಂಗಿಲ್ಲ, ಗೊತ್ತದ. ನಮ್ಮ ನಾಕ ಹಿಂದ ಬರಾಕತ್ತಾನೇನು? ನಾಕಾ! ಏ ನಾಕಾ!"

ಓ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಸುತ್ತ ನರಪಿಳ್ಳೆಯೂ ಇರಲಿಲ್ಲ. ಆದರೆ ಬಾಯಲ್ಲಿದ್ದದ್ದು ಬರಿಯ ಲವಂಗವಲ್ಲ, ಅಷ್ಟು ಜನರ ಜೀವ. ಅರಸನ ಮುಂದೆ ದೇವರಾಣೆ ಇಟ್ಟು, ವ್ರತ ಕೆಟ್ಟಿಲ್ಲವೆಂದು ತಲೆಯಾಡಿಸಬೇಕು. ಸುಳ್ಳು ಆಣೆ ಇಡುವುದು ನಾಕಯ್ಯನಿಗೆ ತಿಳಿಯದು. ಗಂಟಲಿಗೆ ಬಂದ ಓ ಅನ್ನು ನುಂಗಿ, ಬಗ್ಗಿ ಅವ್ವನ ಪಾದ ಮುಟ್ಟಿದ. ಅದೇ ತಪ್ಪಾಯಿತು. ಆ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಂದವನು ಎದುರು ಬಂದು ಸುಮ್ಮನೆ ನಿಲ್ಲುತ್ತಿದ್ದ. ಅದರ ಮೇಲೆ, ಅಷ್ಟು ದೊಡ್ಡ ಮನುಷ್ಯ ಕುರಿಗಾರತಿಯೊಬ್ಬಳ ಕಾಲು ಮುಟ್ಟುವುದು ಇನ್ನು ಯಾತಕ್ಕೆ? ಬಾಚವ್ವ ತಟ್ಟನೆ ಕಾಲು ಹಿಂದೆಳೆದುಕೊಂಡಳು. ಅವನು ಅವಳ ಕೈ ಹಿಡಿದು ತನ್ನ ಮುಖಕ್ಕೆ ಒತ್ತಿಕೊಳ್ಳಲು ಹೋದ. ಅವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಬ್ಯಾಡ್ರಿ ಅರಸರ, ನಿಮ್ಮ ತಪ್ಪೇನದ. ನನ್ನ ಹಣಿಬರಾ. ನೀವು ಹೊಂಡ್ರಿ, ಪಾಪ, ಆ ಸೆರಿಯೊಳಗ ಇದ್ದವರ ಅವ್ವಂದ್ರೂ ಕಾಯ್ತಿರತಾರ."

ತಾನು ಸತ್ತೆನೆಂದು ಅವ್ವ ತಿಳಿದಳೆಂಬುದು ನಾಕಯ್ಯನಿಗೆ ಗೊತ್ತಾಯಿತು. ಗೊತ್ತಾಗಿಯೂ ಕುದುರೆ ಹತ್ತಿದ. ಅರಸನ ಮುಂದೆ ಲವಂಗ ತೆಗೆದಿಟ್ಟು ಓಡಿಬಂದುಬಿಡುತ್ತೇನೆ, ಅವಳ ಕಿವಿ ತುಂಬ ಓಗೊಡುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹೋದ. ವರ್ತಕರು ಉಳಿದರು. ಎರಡು ರಾಜ್ಯಗಳೂ ಉಳಿದವು. ನಗಾರಿ ಬಡಿದರು, ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಬಿಡಿ ಎಂದು ಅವನು ಅಂಗಲಾಚಿದರೆ ಅರಸ ಅದನ್ನು ವಿನಯವೆಂದುಕೊಂಡು ಮತ್ತೊಂದು ಹಾರ ಹಾಕಿದ. ಮರುದಿನ ಬೆಳಿಗ್ಗೆ ದಿಬ್ಬಕ್ಕೆ ಬಂದಾಗ ನೆರೆಯ ಕುರಿಗಾರತಿ ಮರದಡಿ ನಿಂತಿದ್ದಳು. "ಮಾಯಿದೇವರಸರು ಬಂದು, ಮಗ ಹೋದ ಅಂತ ತಿಳಿಸಿ ಹೋದರಂತ. ಕೆಳಗ ಬಾ ಅಂದ್ರ ಬರಲಿಲ್ಲ. ನೀರೂ ಮುಟ್ಟಲಿಲ್ಲ ಆ ತಾಯಿ," ಎಂದಳು. ಬಾಚವ್ವ ಮೂಡಲಿಗೆ ಮುಖ ಮಾಡಿ ಒರಗಿದ್ದಳು. ನಾಕಯ್ಯ ಅವಳ ಕಿವಿಗೆ ಬಾಯಿಟ್ಟು "ಓ ಅವ್ವಾ" ಎಂದ. ಹೊತ್ತೇರುವ ತನಕ ಅಂದ. ಗಂಟಲು ಕಟ್ಟುವ ತನಕ ಅಂದ.

ಏನು ಬೇಕೋ ಕೇಳು ಎಂದ ಅರಸನಿಗೆ ಅವನು ಒಂದೇ ಮಾತು ಹೇಳಿದನಂತೆ: "ಇನ್ನ ಮುಂದ ಬಾಯಿಕಟ್ಟಿದವನನ್ನ ಯಾರಾರ ಕರದ್ರ, ಓ ಅನ್ನಾಕ ಬಿಡ್ರಿ ಬುದ್ಧಿ." ಅರಸ ಒಪ್ಪಿದ. ನಾಕಯ್ಯ ಮತ್ತೆ ಯಾವ ರಾಯಭಾರಕ್ಕೂ ಹೋಗದೆ ದಿಬ್ಬದ ಮೇಲೆಯೇ ಉಳಿದ. ಬಯಲಲ್ಲಿ ಯಾರು ಯಾರನ್ನು ಕರೆದರೂ ಮೇಲಿನಿಂದ ಓ ಎನ್ನುತ್ತಿದ್ದ. ಆಕಳು ಅಂಬಾ ಅಂದರೂ ಓ ಅಂತಾನೆ ಎಂದು ಜನ ನಕ್ಕರು. ಅವನು ಸತ್ತಮೇಲೆ ಅವರೇ ಅತ್ತರು.

ಇವತ್ತು ಹಾಲಗುಂದದಲ್ಲಿ ಅರಮನೆಯ ಪಾಯವೂ ಕಾಣುವುದಿಲ್ಲ. ತಾಳದ್ವೀಪ ಎಲ್ಲಿತ್ತೆಂದು ಹೇಳುವವರೂ ಇಲ್ಲ. ಬೇವಿನ ಬುಡದ ಕಲ್ಲಿನಲ್ಲಿ ಕುಳಿತ ಹೆಂಗಸು, ಅವಳ ಪಾದಕ್ಕೆ ಬಗ್ಗಿದ ಗಂಡಸು, ಇಬ್ಬರ ಮುಖವೂ ಸವೆದಿದೆ. ಕೆಳಗೆ ಸಾಲುಗಟ್ಟಲೆ ಅರಸನ ಬಿರುದುಗಳು. ಮುದುಕಿಯ ಹೆಸರು ಮಾತ್ರ ಎಲ್ಲೂ ಇಲ್ಲ. ಅದನ್ನು ಉಳಿಸಿಕೊಂಡವರು ದಾರಿಹೋಕರು. ಹೊಲಕ್ಕೆ ಹೋಗುವವರು ಹೆಗಲ ಮೇಲಿನ ಹೊರೆ ಇಳಿಸದೆಯೇ ಒಂದು ಗಳಿಗೆ ಇಲ್ಲಿ ನಿಲ್ಲುತ್ತಾರೆ. ಸಂಜೆಯ ಬಸ್ಸು ಏದುಸಿರು ಬಿಡುತ್ತ ದಿಬ್ಬ ಹತ್ತುವಾಗ ಡ್ರೈವರ್ ಹಾರ್ನ್ ಹೊಡೆಯುವುದಿಲ್ಲ, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಮಾತು ನಿಲ್ಲಿಸುತ್ತಾನೆ. ಯಾರೂ ಕರೆದಿರುವುದಿಲ್ಲ. ಬಸ್ಸಿನಲ್ಲಿದ್ದವರೆಲ್ಲ "ಓ ಬಾಚವ್ವಾ" ಎನ್ನುತ್ತಾರೆ.