ಕರ್ನಲ್ ಡ್ರೈವರ್ ತಂದ ಜವರಾಯಿ

ಕೂತ್ಕಳಿ, ಕಾಲು ನೀಡ್ಕಂಡೇ ಕೂತ್ಕಳಿ. ಕಾಳೇನಳ್ಳಿ ಅಂತ ಒಂದು ಊರು. ಆ ಊರಲ್ಲಿ ಕೆಂಪಾಜಮ್ಮ ಅಂತ ಒಬ್ಬ ತಾಯಿ. ಆ ತಾಯಿಗೆ ಒಬ್ಬನೇ ಮಗ, ಜವರಾಯಿ. ಆಳುದ್ದ ಬೆಳೆದಿದ್ದ. ಮೈಮುರಿದು ದುಡೀತಿದ್ದ. ಒಂದು ಸುಳ್ಳಾಡಿದವನಲ್ಲ, ಅವ್ವನ ಮಾತು ಮೀರಿದವನಲ್ಲ. ಅದರಿಂದಲೇ ಬಂದದ್ದು ತಾಪತ್ರಯ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

ಒಂದು ದಿನ ಕೆಂಪಾಜಮ್ಮ, "ಮಗ, ಒಲೆ ಮೇಲೆ ಹಾಲಿಟ್ಟಿವ್ನಿ, ಉಕ್ಕಿದ್ರೆ ಕೂಗು" ಅಂತ ಹೇಳಿ ಹಿತ್ತಿಲಿಗೆ ಹೋದಳು. ಹಾಲು ಉಕ್ಕಿತು. ಒಲೆ ಆರಿತು. ಜವರಾಯಿ ಪಾತ್ರೆ ಪಕ್ಕ ನೆಟ್ಟಗೆ ನಿಂತು "ಕೂ!" ಅಂತ ಊರೆಲ್ಲ ಕೇಳೋ ಹಂಗೆ ಕೂಗಿದ.

"ಇಳಿಸಬಾರದಾಗಿತ್ತೇನ್ಲಾ?"

"ಕೂಗು ಅಂದೆ, ಕೂಗ್ದೆ. ಇಳಿಸು ಅಂದಿದ್ರೆ ಇಳಿಸ್ತಿದ್ದೆ ಕಣವ್ವ!"

ಕೆಂಪಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ನ ಕಾಲ ಆದಮೇಲೆ ಇವನ್ನ ಯಾರಪ್ಪ ನೋಡ್ಕತಾರೆ!"

ಈ ಕೆಂಪಾಜಮ್ಮ ಅಂದ್ರೆ ಬರೀ ಕೆಂಪಾಜಮ್ಮ ಅಲ್ಲ. ಸೋಬಾನೆ ಪದದ ಕೆಂಪಾಜಮ್ಮ! ಸುತ್ತೇಳು ಊರಿನ ಮದುವೆ ಮನೆಗೆ, ತೊಟ್ಟಿಲು ಶಾಸ್ತ್ರಕ್ಕೆ ಅವಳೇ ಬೇಕು. ಹೊಟ್ಟೇಲಿ ಅರವತ್ಮೂರು ಪದ ಇತ್ತು, ಒಂದನ್ನೂ ಯಾರೂ ಬರೆದಿಟ್ಟಿರಲಿಲ್ಲ. ಆ ವರ್ಷ ಅವಳ ಕುತ್ತಿಗೇಲಿ ಗಡ್ಡೆ ಎದ್ದಿತು. ಆಸ್ಪತ್ರೆ ಡಾಕ್ಟರು ಮುಟ್ಟಿ ನೋಡಿ, "ತೆಗೀಬೇಕಮ್ಮ, ಇನ್ನು ಹದಿನೈದು ದಿನಕ್ಕೆ ಬನ್ನಿ. ಜೀವಕ್ಕೇನೂ ಭಯ ಇಲ್ಲ. ಆದ್ರೆ ಧ್ವನಿ ಮೊದಲಿನ ಹಾಗೇ ಇರುತ್ತೆ ಅಂತ ಮಾತು ಕೊಡಕ್ಕಾಗಲ್ಲ" ಅಂದರು.

ಕೆಂಪಾಜಮ್ಮ ಅವತ್ತು ಊಟ ಮಾಡಲಿಲ್ಲ.

ಸುದ್ದಿ ಅಣ್ಣನ ಮಗಳು ಸುಗುಣನಿಗೆ ಮುಟ್ಟಿತು. ಸುಗುಣ ಹಾಸನದ ಪಾಲಿಟೆಕ್ನಿಕ್ಕಲ್ಲಿ ಕಂಪ್ಯೂಟರ್ ಪಾಠ ಹೇಳೋಳು. ಬಸ್ಸಿಳಿದು ಬಂದಳು, ಕಂಕುಳಲ್ಲಿ ತನ್ನ ಹಳೇ ಲ್ಯಾಪ್‌ಟಾಪು. "ಅತ್ತೆ, ಅಷ್ಟೂ ಪದ ಇದಕ್ಕೆ ಹಾಡಿಬಿಡಿ. ಭಾವ, ಈ ಕೆಂಪು ಚುಕ್ಕಿ ಒತ್ತಿದ್ರೆ ಶುರು, ಇನ್ನೊಂದ್ಸಲ ಒತ್ತಿದ್ರೆ ನಿಲ್ಲುತ್ತೆ" ಅಂತ ಜವರಾಯಿಗೆ ತೋರಿಸಿಕೊಟ್ಟು, ಮಕ್ಕಳಿಗೆ ಪರೀಕ್ಷೆ ಅದೆ ಅಂತ ಸಂಜೆ ಬಸ್ಸಿಗೇ ಹೋದಳು.

ಮಾರನೇ ದಿನ ಕೆಂಪಾಜಮ್ಮ ಹಾಡಿದಳು. ಸೊಲ್ಲು ಹಿಡಿಯೋ ಹೆಂಗಸರು ಸೊಲ್ಲು ಹಿಡಿದರು. ಆಮೇಲೆ ಹಾಕಿ ಕೇಳಿದರೆ ಪದ ಎಲ್ಲಿ? ಅಕ್ಕಿ ಗಿರಣಿ ಒಳಗೆ ಕೂತು ಹಾಡಿದಂಗಿತ್ತು! ಲ್ಯಾಪ್‌ಟಾಪಿನ ಹೊಟ್ಟೇಲಿ ಒಂದು ಫ್ಯಾನು, ಗೊರ್ರ್ ಅಂತ ಬಾಯಿ ಬಿಟ್ಟಿತ್ತು.

ಫೋನಲ್ಲಿ ಸುಗುಣ ಅಂದಳು: "ಭಾವ, ಫ್ಯಾನು ಕಮ್ಮಿ ಮಾಡಬೇಕು."

ಅಷ್ಟಂದದ್ದೇ ತಡ, ಜವರಾಯಿ ಎದ್ದ. ಸೂರಿನ ಫ್ಯಾನು ಒಂದಕ್ಕಿಳಿಸಿದ. ಗೊರ್ರ್ ನಿಲ್ಲಲಿಲ್ಲ. ಫ್ಯಾನನ್ನೇ ಬಿಚ್ಚಿ ಕೆಳಗಿಟ್ಟ. ಗೊರ್ರ್ ನಿಲ್ಲಲಿಲ್ಲ. ಪಕ್ಕದ ಮನೆ ಕಾಳಕ್ಕ ಮೊಮ್ಮಗನ್ನ ಮಲಗಿಸಿ ಟೇಬಲ್ ಫ್ಯಾನು ಹಾಕಿದ್ದಳು, ಅದನ್ನೂ ಕಿತ್ಕಂಡು ಬಂದ.

"ಥೂ ನಿನ್ನ! ಊರ ಫ್ಯಾನೆಲ್ಲ ಕೀಳು ಅಂದ್ಲೇನ್ಲಾ?" ಅಂದಳು ಕೆಂಪಾಜಮ್ಮ.

"ಫ್ಯಾನು ಕಮ್ಮಿ ಮಾಡು ಅಂದ್ಲು. ಎರಡಿತ್ತು, ಎರಡೂ ಕಿತ್ತೆ!"

ಫೋನಲ್ಲಿ ಇದನ್ನ ಕೇಳಿದ ಸುಗುಣನಿಗೆ ನಗು. "ಭಾವ, ಅದು ಲ್ಯಾಪ್‌ಟಾಪ್ ಒಳಗಿನ ಫ್ಯಾನು. ಅದು ಯಾರು ಹೇಳಿದ್ರೂ ಕೇಳಲ್ಲ. ಅದಕ್ಕೆ ಕರ್ನಲ್ ಡ್ರೈವರ್ ಬೇಕು. ಕರ್ನಲ್ ಡ್ರೈವರ್ ತಂದು ಒಳಗೆ ಕೂರಿಸಿದ್ರೆ ಆಮೇಲೆ ಹೇಳ್ದಂಗೆ ಕೇಳುತ್ತೆ. ಹೆಂಗೆ ಅಂದ್ರೆ—" ಅನ್ನೋಷ್ಟರಲ್ಲಿ ಫೋನು ಕಟ್ಟಾಯ್ತು.

ಕೆಂಪಾಜಮ್ಮ ತಿರುಗಿ ನೋಡಿದರೆ ಮಗ ಇಲ್ಲ. ಅಂಗಿ ಏರಿಸ್ಕಂಡು ಹೊರಟೇ ಹೋಗಿದ್ದ.

ಎಲ್ಲಿಗೆ? ಮೂರು ಮೈಲಿ ಆಚೆ, ಕಾಲುವೆ ದಂಡೇಲಿ, ಮಿಲಿಟರಿಯಿಂದ ಬಂದ ಕರ್ನಲ್ ಉತ್ತಯ್ಯನೋರ ತೋಟ. ಗೇಟಲ್ಲಿ ನಿಂತು ಕೈ ಮುಗಿದ. "ಸಾರ್, ಕರ್ನಲ್ ಡ್ರೈವರ್ ಬೇಕು. ನಮ್ಮವ್ವ ಹಾಡಕ್ಕೆ."

ಕರ್ನಲ್ಲರಿಗೆ ಏನರ್ಥವಾಯ್ತೋ! ಕಾಯಿಲೆ ಹೆಂಗಸು, ಹಾಡೋಕೆ ಎಲ್ಲಿಗೋ ಹೋಗಬೇಕೇನೋ ಅಂತ ಕನಿಕರಪಟ್ಟು ಡ್ರೈವರ್ ಮರಿಸ್ವಾಮೀನ ಜೀಪು ಕೊಟ್ಟು ಕಳಿಸಿದರು.

ಜೀಪು ಬಾಗಿಲಿಗೆ ಬಂತು. ಜವರಾಯಿ ಮರಿಸ್ವಾಮಿ ಕೈ ಹಿಡಿದು ಒಳಗೆ ಕರಕಂಡು ಬಂದು, ಚಾಪೆ ಹಾಸಿ, ಲ್ಯಾಪ್‌ಟಾಪ್ ಮುಂದೆ ಕೂರಿಸಿದ. "ಹೂಂ, ಹೇಳಣ್ಣ ಅದಕ್ಕೆ, ಮೆತ್ತಗೆ ತಿರುಗು ಅಂತ!"

ಮರಿಸ್ವಾಮಿ ಆ ಕಡೆ ನೋಡಿದ, ಈ ಕಡೆ ನೋಡಿದ. "ಇದರಲ್ಲಿ ಗೇರು ಎಲ್ಲದೆ ತಾಯಿ?"

ಕೆಂಪಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಫಿ ಕೊಟ್ಟು, ತಪ್ಪಾಯ್ತಪ್ಪ ಅಂತ ಹೇಳಿ ಕಳಿಸಿದಳು. ಸುಗುಣನಿಗೆ ಫೋನ್ ಮಾಡಿದಳು.

"ಅತ್ತೆ, ಅದು ಮನುಷ್ಯ ಅಲ್ಲ! ಕಂಪ್ಯೂಟರಿನ ನಡುಮಧ್ಯೆ ಇರೋ ಯಜಮಾನನಿಗೆ ಕರ್ನಲ್ ಅಂತಾರೆ. ಫ್ಯಾನು, ಕೀಬೋರ್ಡಿನ ದೀಪ, ಬ್ಯಾಟರಿ ಇವಕ್ಕೆಲ್ಲ ಯಜಮಾನನ ಮಾತು ಮುಟ್ಟಿಸೋದೇ ಡ್ರೈವರ್. ಅದು ಬರವಣಿಗೆ ಅಷ್ಟೆ. ಭಾವ, ಕೇಳಿಸ್ಕಳಿ. ಅದು ಓಪನ್ ಸೋರ್ಸು. ಎಲ್ಲರಿಗೂ ತೆರೆದಿಟ್ಟಿದ್ದಾರೆ. ಯಾರನ್ನೂ ಕೇಳೋ ಹಂಗಿಲ್ಲ. ತಗಬೋದು, ಬಿಚ್ಚಿ ನೋಡಬೋದು, ಸರಿ ಮಾಡಿ ವಾಪಸ್ ಇಡಬೋದು."

"ಹಂಗಾ! ತೆರೆದಿದ್ರೆ ಕೇಳೋ ಹಂಗಿಲ್ಲ. ಬಿಚ್ಚಿ ನೋಡಿ ವಾಪಸ್ ಇಡೋದು" ಅಂತ ಜವರಾಯಿ ಬಾಯಿಪಾಠ ಮಾಡ್ಕಂಡ.

ಬೆಳಿಗ್ಗೆ ಬೀದೀಲಿ ಹೊರಟ. ಟೈಲರ್ ನಾಗರಾಜಾಚಾರಿ ಅಂಗಡಿ ಬಾಗಿಲು ತೆರೆದಿತ್ತು, ಆಚಾರಿ ಟೀ ಕುಡಿಯೋಕೆ ಹೋಗಿದ್ದ. ತೆರೆದದೆ! ಕೇಳೋ ಹಂಗಿಲ್ಲ! ಹೊಲಿಗೆ ಮಿಷನ್ನು ಹೊತ್ಕಂಡು ಬಂದು ಜಗಲಿ ಮೇಲಿಟ್ಟು, ಬಿಚ್ಚಿ ನೋಡಿ, ಎಣ್ಣೆ ಹಾಕಿ, ಕೂಡಿಸಿ, ವಾಪಸ್ ಇಟ್ಟ. ಏಳು ತಿರುಪು ಮಿಕ್ಕಿತು, ಅದನ್ನೂ ಪ್ರಾಮಾಣಿಕವಾಗಿ ಆಚಾರಿ ಕೈಗೇ ಕೊಟ್ಟ.

ಆಚಾರಿ ಮನೆಗೇ ಬಂದು ಸಿಟ್ಟಲ್ಲಿ ಅಂಗಳದ ತುಂಬ ಕುಣಿದಾಡಿದ. ಕೆಂಪಾಜಮ್ಮ ಮಗನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಮಗ, ನಿನ್ನ ಕಾಲಿಗೆ ಬೀಳ್ತೀನಿ ಕಣೋ! ಇನ್ಮೇಲೆ ಎಲ್ಲೂ ಹೋಗಬ್ಯಾಡ, ಯಾರ ಸಾಮಾನೂ ಮುಟ್ಟಬ್ಯಾಡ. ಲ್ಯಾಪ್‌ಟಾಪ್ ಮುಂದೆ ಕೂತ್ಕ. ಸುಗುಣ ಏನು ಹೇಳ್ತಾಳೋ ಅದನ್ನ ಒತ್ತು. ಒಂದಕ್ಷರ ಹೆಚ್ಚು ಬ್ಯಾಡ, ಒಂದಕ್ಷರ ಕಮ್ಮಿ ಬ್ಯಾಡ!"

ಆಸ್ಪತ್ರೆ ದಿನಕ್ಕೆ ಇನ್ನು ಆರೇ ದಿನ ಇತ್ತು.

ಕೂತ. ಸುಗುಣ ಫೋನಲ್ಲಿ ಒಂದೊಂದೇ ಅಕ್ಷರ ಹೇಳ್ತಾ ಹೋದಳು. ಒಂದು ಪದ ಮುಗೀತು. "ಈಗ ಜಾಗ ಬಿಡಿ ಭಾವ" ಅಂದಳು.

ಜವರಾಯಿ ಎದ್ದು ಹೋಗಿ ಬಾಗಿಲ ಹತ್ತಿರ ನಿಂತ.

"ಬಿಟ್ರಾ?"

"ಬಿಟ್ಟೆ!" ಅಂತ ಅಲ್ಲಿಂದಲೇ ಕೂಗಿದ. ಸುಗುಣ ಮುಂದಿನ ಅಕ್ಷರ ಹೇಳಿದಳು. ಒತ್ತೋರು ಯಾರು? ಕೆಂಪಾಜಮ್ಮ ನೋಡಿದಳು, ಖಾಲಿ ಚಾಪೆ! "ಅಲ್ಲಿ ಯಾಕೆ ನಿಂತಿದ್ದೀಯಾ ದೊಣ್ಣೆಯಂಗೆ?" "ಜಾಗ ಬಿಡು ಅಂದ್ಲಲ್ಲವ್ವ!"

"ಭಾವ, ನಿಮ್ಮ ಜಾಗ ಅಲ್ಲ, ಎರಡು ಪದದ ಮಧ್ಯದ ಜಾಗ! ಕೆಳಗಿನ ಉದ್ದನೆ ಪಟ್ಟಿ ಒಂದ್ಸಲ ಒತ್ತಿ" ಅಂತ ಹೇಳಿ, ಸುಗುಣ ಎಲ್ಲಾ ಸಾಲನ್ನೂ ಫೋನಿಗೆ ಬರೆದು ಕಳಿಸಿದಳು. ಹನ್ನೊಂದು ಸಾಲು. ನೋಡಿ ಈಗ! ಪಾಲಿಟೆಕ್ನಿಕ್ಕಿನ ಹುಡುಗರಾದರೆ ಒಂದು ಸಾಲು ಹಾರಿಸಿ, ಒಂದು ಚುಕ್ಕಿ ನುಂಗಿ, "ಬರ್ತಾ ಇಲ್ಲ ಮೇಡಂ" ಅನ್ನೋರು. ಜವರಾಯಿ ಒಂದು ಚುಕ್ಕಿ ಬಿಡಲಿಲ್ಲ. ಬೆರಳಿಟ್ಟು ನೋಡಿ, ಬೆರಳಿಟ್ಟು ಒತ್ತಿ, ಮಧ್ಯಾಹ್ನಕ್ಕೆ ಹನ್ನೊಂದೂ ಮುಗಿಸಿದ. ಕೀಬೋರ್ಡಿನ ಅಕ್ಷರದ ಕೆಳಗೆಲ್ಲ ಬೆಳ್ಳಗೆ ದೀಪ ಹತ್ತಿತು!

"ಅವ್ವ, ಬೆಳಕು!"

ಕೆಂಪಾಜಮ್ಮ ಬಾಯಿ ಮೇಲೆ ಕೈಯಿಟ್ಟಳು. ಡ್ರೈವರ್ ಒಳಗೆ ಕೂತಿದ್ದ!

"ಈಗ ಫ್ಯಾನಿಗೆ ಒಂದು ಅಂತ ಬರೀರಿ ಭಾವ. ಒಂದಂದ್ರೆ ಎಲ್ಲಕ್ಕಿಂತ ಮೆತ್ತಗೆ" ಅಂದಳು ಸುಗುಣ. ಬರೆದ. ಗೊರ್ರ್ರ್ರ್! ಮೊದಲಿಗಿಂತ ಹತ್ತು ಪಾಲು ಜೋರು! ಕೊಟ್ಟಿಗೇಲಿದ್ದ ಹಸು ಹಗ್ಗ ಜಗ್ಗಿತು.

ಕೆಂಪಾಜಮ್ಮ ಗೋಡೆಗೊರಗಿ ಕೂತಳು. "ನನ್ನ ಪದ ನನ್ನ ಜೊತೇಲೇ ಹೋಗಲಿ ಬಿಡು."

ಸುಗುಣನಿಗೂ ದಾರಿ ಕಾಣಲಿಲ್ಲ. "ಭಾವ, ಇನ್ನೊಂದು ಕೆಲಸ ಮಾಡಿ. ಡ್ರೈವರ್ ಮಾಡಿದೋರು, ಏನಾದ್ರೂ ಕೆಟ್ರೆ ಏನಾಯ್ತು ಅಂತ ಹಂಗೇ ಬರೆದು ಕಳಿಸಿ ಅಂದವ್ರೆ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದೇ ಅಂಕಿ ಹಾಕಿ, ಏನಾಗುತ್ತೋ ಬರ್ಕಳಿ. ಏನೂ ಬಿಡಬೇಡಿ."

ಏನೂ ಬಿಡಬೇಡಿ ಅಂದಮೇಲೆ ಜವರಾಯಿ ಬಿಡ್ತಾನಾ? ಪೆನ್ಸಿಲ್ ಹಿಡಿದು ಕೂತ. ಬರೆದ: "ಸೊನ್ನೆ: ಫ್ಯಾನು ಕಿರುಚಿತು. ನಮ್ಮವ್ವ ಕಿವಿ ಮುಚ್ಚಿಕೊಂಡರು. ಒಂದು: ಹಸು ಜಗ್ಗಿತು. ನಾಲ್ಕು: ಹಸು ಮೆಲುಕು ಹಾಕಿತು. ಆರು: ಗೋಡೆ ಗಡಿಯಾರ ಕೇಳಿಸಿತು. ಎಂಟು: ನೊಣ ಹಾರೋದು ಕೇಳಿಸಿತು. ಒಂಬತ್ತು: ಫ್ಯಾನು ನಿಂತಿತು. ಲ್ಯಾಪ್‌ಟಾಪು ದೋಸೆ ಕಲ್ಲಾಯಿತು. ನನ್ನ ಬೆರಳು ಸುಟ್ಟಿತು. ತೆಗೆದೆ."

ಫೋಟೋ ಹೊಡೆದು ಕಳಿಸಿದ. ಓದಿದ ಸುಗುಣ ಕಾಲೇಜಿನ ಕಾರಿಡಾರಲ್ಲೇ ನಿಂತು ಫೋನಲ್ಲಿ ಕೂಗಿಕೊಂಡಳು. "ಅತ್ತೆ! ತಲೆಕೆಳಗು! ಈ ಲ್ಯಾಪ್‌ಟಾಪಿಗೆ ಮಾತ್ರ ಅಂಕಿ ತಲೆಕೆಳಗಾಗಿದೆ! ಭಾವ, ಎಂಟು ಹಾಕಿ, ಹಾಡಿಸಿ! ಪ್ರತಿ ಪದ ಆದ್ಮೇಲೆ ಸ್ವಲ್ಪ ಹೊತ್ತು ತಣ್ಣಗಾಗಲಿ!"

ಎಂಟು ಹಾಕಿದ. ಮನೆ ನಿಶ್ಶಬ್ದವಾಯ್ತು. ಕೆಂಪಾಜಮ್ಮ ಸೆರಗು ಸರಿಮಾಡ್ಕಂಡು ಕೂತಳು. ಗಂಟಲು ಎತ್ತಿದಳು ನೋಡಿ! ಐದು ದಿನ ಹಾಡಿದಳು. ಕೆಂಪು ಚುಕ್ಕಿ ಒತ್ತೋನು ಜವರಾಯಿ, ನಿಲ್ಲಿಸೋನು ಜವರಾಯಿ. ಅರವತ್ಮೂರೂ ಪದ, ಒಂದೂ ಬಿಡಲಿಲ್ಲ. ಕೊನೇ ಪದ ಹಾಕಿ ಕೇಳಿದಾಗ ತನ್ನ ಗಂಟಲನ್ನ ತಾನೇ ಮೊದಲ ಸಲ ಕೇಳಿದಂಗಾಯ್ತು ಅವಳಿಗೆ. ಕಣ್ಣೊರೆಸಿಕೊಂಡು ಮಾರನೇ ದಿನ ಆಸ್ಪತ್ರೆಗೆ ಹೋದಳು.

ಗಡ್ಡೆ ತೆಗೆದರು, ಬಂದಳು. ಧ್ವನಿ ಒಡೆದ ತಮಟೆ ಹಂಗಾಗಿತ್ತು. ಹಾಡೋಕಾಗಲಿಲ್ಲ, ಮಾತಿಗಡ್ಡಿ ಇರಲಿಲ್ಲ. "ಹೋದ್ರೆ ಹೋಗಲಿ, ಪದ ಭದ್ರವಾಗವೆ" ಅಂದಳು.

ತಿಂಗಳು ಕಳೆದ ಮೇಲೆ ಸುಗುಣ ಓಡೋಡಿ ಬಂದಳು. "ಅತ್ತೆ, ಭಾವ ಬರೆದದ್ದನ್ನ ನಾನು ಇಂಗ್ಲಿಷಿಗೆ ಮಾಡಿ ಕಳಿಸಿದ್ದೆ. ಹಸೂನೂ ಬಿಡದೆ! ಡ್ರೈವರ್ ಮಾಡಿದೋರು ಎಲ್ಲೋ ದೂರದ ದೇಶದೋರು. ಉತ್ತರ ಬರೆದವ್ರೆ, ಎಷ್ಟೋ ಜನ ಕೆಟ್ಟದೆ ಕೆಟ್ಟದೆ ಅಂತ ಬರೆದ್ರು, ಏನಾಯ್ತು ಅಂತ ಬರೆದೋನು ಇವನೊಬ್ಬನೇ ಅಂತ. ಡ್ರೈವರ್ ಸರಿ ಮಾಡಿ, ಉಪಕಾರ ಮಾಡಿದೋರ ಹೆಸರಿನ ಜೊತೆ ಇವರ ಹೆಸರೂ ಹಾಕವ್ರೆ. ನೋಡಿ!"

ಪರದೆ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಜವರಾಯಿ, ಕಾಳೇನಳ್ಳಿ.

ಕೆಂಪಾಜಮ್ಮನಿಗೆ ಓದಕ್ಕೆ ಬರಲ್ಲ. ಆದರೂ ಆ ಹೆಸರಿನ ಮೇಲೆ ಬೆರಳಾಡಿಸಿದಳು. ಅಂಗಳಕ್ಕೆ ಬಂದು, ಒಡೆದ ಗಂಟಲಲ್ಲೇ ಬೀದಿಗೆಲ್ಲ ಕೇಳೋ ಹಂಗೆ ಅಂದಳು: "ಕೇಳ್ರಮ್ಮೋ! ನನ್ನ ಮಗನ್ನ ಪೆದ್ದ ಅಂತಿದ್ರಲ್ಲ, ಹೇಳಿದ್ದನ್ನ ಹೇಳ್ದಂಗೆ ಮಾಡೋನು ಲೋಕಕ್ಕೆಲ್ಲ ಬೇಕಾದ ನೋಡಿ!"

ಸೊಲ್ಲು ಹಿಡಿದ ಹೆಂಗಸರಿಗೆಲ್ಲ ಅವತ್ತೇ ಊಟ. ಒಬ್ಬಟ್ಟು ಬೆಂದವು. ಅಡಿಗೆಯಾಗೋವರೆಗೂ ಸುಗುಣ ಜವರಾಯಿಗೆ ಕೊನೇ ಪಾಠ ಹೇಳಿದಳು. "ಭಾವ, ಡ್ರೈವರಿನಲ್ಲಿ ಬ್ಯಾಟರಿಗೂ ಒಂದು ಅಂಕಿ ಅದೆ. ನೂರಕ್ಕೆ ಎಂಬತ್ತು ತುಂಬುತ್ಲೂ ನಿಲ್ಲಿಸಿಬಿಡಬೇಕು. ಪೂರ್ತಿ ತುಂಬಿಸಿದ್ರೆ ಬೇಗ ಸವೆಯುತ್ತೆ. ಎಂಬತ್ತಕ್ಕೆ ನಿಲ್ಲಿಸಿದ್ರೆ ಬಹಳ ದಿನ ಬಾಳಿಕೆ ಬರುತ್ತೆ."

"ಎಂಬತ್ತಕ್ಕೆ ನಿಲ್ಲಿಸಿದ್ರೆ ಬಹಳ ದಿನ ಬಾಳಿಕೆ" ಅಂತ ಜವರಾಯಿ ಬಾಯಿಪಾಠ ಮಾಡ್ಕಂಡ.

ಎಲೆ ಹಾಕಿದರು. ಎಲ್ಲರ ನಡುವೆ ಕೆಂಪಾಜಮ್ಮನೂ ಕೂತಳು. ಜವರಾಯೀದೇ ಬಡಿಸಾಟ. ಎಲೆಗೆ ಐದೈದು ಒಬ್ಬಟ್ಟು ಇಟ್ಟ, ತುಪ್ಪ ಬಿಟ್ಟ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ಎಣಿಸ್ತಾ ಹೋದ. ಕಾಳಕ್ಕ ನಾಲ್ಕನೇದು ನುಂಗಿ ಐದನೇದಕ್ಕೆ ಕೈ ಹಾಕಿದಳು. ಸರಕ್ಕನೆ ಎಲೆ ಎಳಕಂಡ!

"ಅಯ್ಯೋ, ನನ್ನೊಬ್ಬಟ್ಟು ಕಣೋ!"

"ಎಂಬತ್ತಾಯ್ತು ಕಾಳಕ್ಕ, ಏಳು!"

ಸಾಲಾಗಿ ಎಳಕಂಡು ಬಂದ. ಹೆಂಗಸರೆಲ್ಲ ಎಂಜಲು ಕೈ ಮೇಲೆತ್ತಿ ಕೂಗಾಡಿದರು, ಸುಗುಣ ಕಂಬ ಹಿಡ್ಕಂಡು ನಕ್ಕಳು. ಕೆಂಪಾಜಮ್ಮ ತನ್ನ ಐದನೇ ಒಬ್ಬಟ್ಟನ್ನ ಅವಸರವಾಗಿ ಬಾಯಿಗೆ ಹಿಡಿದಳು. ಜವರಾಯಿ ಅದನ್ನೂ ಮೆತ್ತಗೆ ಬಾಯಿಂದ ಬಿಡಿಸ್ಕಂಡ.

"ಬ್ಯಾಡ ಕಣವ್ವ, ಎಲ್ಲರಿಗಿಂತ ನೀನೇ ಬಹಳ ದಿನ ಬಾಳಿಕೆ ಬರಬೇಕು!" ಅಂತ ಹೇಳಿ, ಒಬ್ಬಟ್ಟನ್ನೆಲ್ಲ ಬುಟ್ಟಿಗೆ ತುಂಬ್ಕಂಡು ಹೋಗಿ ಹಸುವಿನ ಮುಂದೆ ಸುರಿದು, ಅದು ಎಂಬತ್ತಕ್ಕೆ ನಿಲ್ಲಿಸ್ತದೋ ಇಲ್ಲವೋ ಅಂತ ಪಕ್ಕದಲ್ಲೇ ಕಾವಲು ನಿಂತ.