ಬೆಚ್ಚನೀರಮ್ಮನ ಗುಡ್ಡ

ಬೆಚ್ಚನೀರಮ್ಮನ ಗುಡ್ಡಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಬಿಸಿನೀರಿನ ಬುಗ್ಗೆ ಎಲ್ಲಿದೆ ಎಂದು. ಬುಗ್ಗೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ! ಈ ಬೋಳುಗುಡ್ಡದ ಮೇಲೆ ಕಾಗೆ ಕುಡಿಯುವಷ್ಟು ನೀರೂ ಸಿಕ್ಕುವುದಿಲ್ಲ. ಇರುವುದು ನಾಲ್ಕು ಚಪ್ಪಡಿಯ ಪುಟ್ಟ ಗುಡಿ, ಒಳಗೆ ಮೊಳದೆತ್ತರದ ಒಂದು ಕಲ್ಲು. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ.

ಹಿಂದೆ ಒಮ್ಮೆ ಇಲ್ಲಿ ಕಾಟಯ್ಯನೆಂಬ ಪೂಜಾರಿ ಇದ್ದನಂತೆ. ಆಗ ಸುತ್ತಲ ಸೀಮೆಯವರೆಲ್ಲ ಹೂ ಕೇಳಲು ಇಲ್ಲಿಗೇ ಬರುತ್ತಿದ್ದರು. ಪೂಜಾರಿ ಕಲ್ಲಿನ ನೆತ್ತಿಯ ಮೇಲೆ ಹೂವಿಡಬೇಕು, ಬಂದವರು ಬೇಡಿಕೊಳ್ಳಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಪಾಳೆಯಗಾರ ಬೊಮ್ಮನಾಯಕನಿಗೆ ಮೂರು ವರ್ಷದ ಮಗಳೊಬ್ಬಳಿದ್ದಳು. ತಾಯಿಯಿಲ್ಲದ ಕೂಸು, ದೊರೆಯಾದರೂ ತಾನೇ ನೀರೆರೆದು ಸಾಕಿದ್ದ. ಅವಳು ಜ್ವರದಲ್ಲಿ ಮಲಗಿದಾಗ ಅವನೂ ಬಂದು ಹೂ ಕೇಳಿದ. ಬಲಕ್ಕೆ ಬಿತ್ತು. ಎಂಟೇ ದಿನಕ್ಕೆ ಮಗು ತೀರಿಕೊಂಡಿತು.

ಸೂತಕ ಕಳೆದ ಮರುದಿನ ಬೆಳಗ್ಗೆ ನಾಯಕ ಕಲ್ಲುಕುಟಿಗರನ್ನು ಕರೆದುಕೊಂಡೇ ಗುಡ್ಡ ಹತ್ತಿದ. ಕಾಟಯ್ಯ ಅಮ್ಮನ ಮಜ್ಜನಕ್ಕೆಂದು ನೀರಿನ ಕೊಡವನ್ನು ಕಂಬಳಿಯಲ್ಲಿ ಸುತ್ತಿ ಆಗತಾನೆ ಹೊತ್ತು ತಂದಿದ್ದ. "ಮಜ್ಜನ ಆಮೇಲೆ. ಮೊದಲು ಹೂವಿಡು. ಈ ಕಲ್ಲಿನೊಳಗೆ ದೇವರಿದ್ದಾಳೋ ಇಲ್ಲವೋ ಇವತ್ತು ಇತ್ಯರ್ಥವಾಗಲಿ. ಬಿಸಿಲು ಹೊಸ್ತಿಲು ದಾಟುವುದರೊಳಗೆ, ಇದ್ದರೆ ಬಲಕ್ಕೆ ಕೊಡಲಿ, ಇಲ್ಲದಿದ್ದರೆ ಎಡಕ್ಕೆ. ಎಡಕ್ಕೆ ಬಿತ್ತೋ, ಈ ಗುಡಿಯ ಕಲ್ಲೆಲ್ಲ ಕೆರೆಯ ತೂಬಿಗೆ" ಎಂದ ನಾಯಕ. ಇಲ್ಲದವಳು ತಾನಿಲ್ಲವೆಂದು ಹೇಳುವುದಾದರೂ ಹೇಗಪ್ಪಾ? ಕೇಳುವ ಧೈರ್ಯ ಯಾರಿಗಿತ್ತು! ಮಗಳನ್ನು ಮಣ್ಣು ಮಾಡಿ ಬಂದವನ ಹತ್ತಿರ ತರ್ಕ ಮಾಡುವುದುಂಟೇ?

ಕಾಟಯ್ಯ ಹೂ ಕೈಗೆತ್ತಿಕೊಂಡ. ಗುಡಿ ಉಳಿಸುವುದು ಅವನಿಗೆ ದೊಡ್ಡ ಮಾತಲ್ಲ. ಹೂವನ್ನು ಕೂದಲೆಳೆಯಷ್ಟು ಬಲಕ್ಕೆ ವಾಲಿಸಿಟ್ಟರೆ ಸಾಕು. ಅಳುತ್ತ ಬಂದ ತಾಯಂದಿರಿಗಾಗಿ ಎಷ್ಟೋ ಸಲ ಹಾಗೆ ಇಟ್ಟಿದ್ದ. ನಾಯಕ ಬಂದ ದಿನವೂ ಇಟ್ಟಿದ್ದ. ಇವತ್ತು ಮಾತ್ರ ಅವನಿಂದಾಗಲಿಲ್ಲ. ನೆತ್ತಿಯ ನಟ್ಟನಡುವೆ ಹೂವಿಟ್ಟು ಕೈಮುಗಿದು ನಿಂತ. ಬಿಸಿಲು ಹೊಸ್ತಿಲು ದಾಟಿತು. ಹೂ ಅಲುಗಲಿಲ್ಲ.

"ದೊರೆ, ಅವತ್ತು ಹೂ ಕೊಟ್ಟದ್ದು ಅಮ್ಮನಲ್ಲ, ನನ್ನ ಬೆರಳು. ನಿಮ್ಮ ಮುಖ ನೋಡಿ ತಡೆಯಲಾಗಲಿಲ್ಲ" ಎಂದು ಕಾಟಯ್ಯ ಅವನ ಕಾಲಿಗೆ ಬಿದ್ದ. "ಹಾಗಾದರೆ ಒಳಗೆ ಯಾರೂ ಇಲ್ಲ ಅನ್ನು" ಎಂದ ನಾಯಕ.

"ನನಗೆ ಗೊತ್ತಿಲ್ಲ ದೊರೆ. ನಲವತ್ತು ವರ್ಷವಾಯಿತು, ಒಂದು ದಿನವೂ ನನ್ನ ಹತ್ತಿರ ಮಾತಾಡಿದವಳಲ್ಲ. ಆದರೂ ತಣ್ಣೀರು ಹುಯ್ಯಲು ಮನಸ್ಸು ಬರುವುದಿಲ್ಲ. ಇದ್ದರೆ ಚಳಿಯಾದೀತಲ್ಲ ಅಂತ ದಿನಾ ಕಾಯಿಸಿಕೊಂಡು ಬರುತ್ತೇನೆ."

ನಾಯಕ ಕಂಬಳಿ ಸರಿಸಿ, ಮಗಳಿಗೆ ಎರೆಯುವ ಮುಂಚೆ ನೋಡುತ್ತಿದ್ದ ಹಾಗೆಯೇ ಮುಂಗೈಯನ್ನು ನೀರಿಗೆ ಅದ್ದಿದ. ಇನ್ನೂ ಬೆಚ್ಚಗಿತ್ತು. ಅಷ್ಟು ದಿನ ಕಲ್ಲಿನಂತಿದ್ದವನು ಅಲ್ಲೇ ಕುಳಿತು ಹೋ ಎಂದು ಅತ್ತನಂತೆ. ಅಳುತ್ತಲೇ ಕೊಡವೆತ್ತಿ ಆ ಕಲ್ಲಿಗೆ ನಿಧಾನವಾಗಿ ಎರೆದ. ನೀರಿನೊಡನೆ ಹೂವೂ ಜಾರಿತು. ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ, ಯಾರೂ ನೋಡಲಿಲ್ಲ. ಕಲ್ಲುಕುಟಿಗರು ಉಳಿ ಸುತ್ತಿಗೆ ಕಟ್ಟಿಕೊಂಡು ಗುಡ್ಡ ಇಳಿದರು.

ಅಂದಿನಿಂದ ಇಲ್ಲಿ ಹೂ ಕೇಳುವ ಪದ್ಧತಿ ನಿಂತಿತು ಎನ್ನುತ್ತಾರೆ. ನಂಬುವವರೂ ಬರುತ್ತಾರೆ, ನಂಬದವರೂ ಬರುತ್ತಾರೆ. ಕೆಳಗಿನ ಊರಿನಲ್ಲಿ ನೀರು ಕಾಯಿಸಿ, ಕೊಡಕ್ಕೆ ಕಂಬಳಿ ಸುತ್ತಿ ಏದುಸಿರು ಬಿಡುತ್ತ ಹತ್ತುತ್ತಾರೆ. ಗುಡಿಯ ಪಕ್ಕ ನಿಂತು ನೋಡಬೇಕು. ಎಂಥ ಅವಸರದವರೂ ಕಲ್ಲಿಗೆ ಹುಯ್ಯುವ ಮುಂಚೆ ಒಮ್ಮೆ ಮುಂಗೈ ಅದ್ದಿ ನೋಡುತ್ತಾರೆ.