ಬಾತುಮರಿ ಸಾಕಿದ ಕೋಳಿ

ಬಾತುಕೋಳಿಯ ಮೊಟ್ಟೆಗಳಿಗೆ ಕಾವು ಕೂತಿದ್ದ ಕೋಳಿಗೆ ಏಳು ಮರಿಗಳಾದವು. ಮೂರನೇ ದಿನಕ್ಕೇ ಅವು ಕೆರೆಯತ್ತ ಓಡಿದವು. ಹೆದರಿದ ಕೋಳಿ ರೆಕ್ಕೆ ಹರಡಿ ಅಡ್ಡ ನಿಂತಿತು.

ಮರದ ಮೇಲಿನ ಗಿಳಿ ಹೇಳಿತು: "ತಡೆ, ತಾಯಿ. ನೀರಿಗಿಳಿದ ಮರಿ ಕೈತಪ್ಪಿತು ಎಂದೇ ತಿಳಿ. ನನ್ನ ಈ ಬೋಧನೆಗೆ ಊರೆಲ್ಲ ತಲೆದೂಗುತ್ತದೆ."

"ನಿನ್ನ ಮಾತು ಕೇಳಿದವರ ಮರಿಗಳು ಏನಾದವು?" ಎಂದಿತು ಕೋಳಿ.

"ಹೇಳುವುದು ನನ್ನ ಕೆಲಸ. ನೋಡಿಬರುವುದಲ್ಲ."

ಕೆರೆಯಲ್ಲಿ ಮಲಗಿದ್ದ ಎಮ್ಮೆ ಮೂತಿ ಎತ್ತಿತು. "ನನಗೆ ಬೋಧನೆ ಬರುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ. ಹೋದ ವರ್ಷ ಐದು ಕೋಳಿಗಳು ಬಾತುಮರಿ ಸಾಕಿದವು. ಎರಡು ಕೋಳಿಗಳು ತಡೆದವು. ಅವುಗಳ ಮರಿಗಳು ಕದ್ದು ನೀರಿಗಿಳಿದು, ದಾರಿ ತಪ್ಪಿ ನರಿಯ ಪಾಲಾದವು. ಮೂರು ಕೋಳಿಗಳು ನೀರಿಗೆ ಬಿಟ್ಟು, ದಡದಲ್ಲೇ ಕೂತು ಕೂಗುತ್ತಿದ್ದವು. ಅವುಗಳ ಮರಿಗಳು ಕೂಗಿಗೆ ಮರಳಿದವು. ಅವುಗಳಲ್ಲೂ ಒಂದನ್ನು ಹದ್ದು ಒಯ್ದಿತು, ಅದನ್ನು ಮುಚ್ಚಿಡಲಾರೆ. ನನ್ನನ್ನು ನಂಬಬೇಡ, ಹೋಗಿ ಕೇಳು."

ಕೋಳಿ ಮರಿಗಳ ಸಮೇತ ಓಡಿತು, ಐದೂ ತಾಯಂದಿರನ್ನು ಕೇಳಿತು, ಎಮ್ಮೆ ಹೇಳಿದ್ದು ನಿಜವೆಂದು ತಿಳಿದು ಓಡುತ್ತಲೇ ಕೆರೆಗೆ ಮರಳಿ ರೆಕ್ಕೆ ಮಡಚಿತು. ಮರಿಗಳು ಒಂದರ ಮೇಲೊಂದು ಬಿದ್ದು ನೀರಿಗೆ ಧುಮುಕಿದವು. ಒಂದು ಕಣ್ಣು ಹದ್ದಿಗಾಗಿ ಆಕಾಶದಲ್ಲಿಟ್ಟು, ಕೋಳಿ ದಡದಲ್ಲೇ ಕೂತು ಕೂಗುತ್ತಲೇ ಇತ್ತು. ಸಂಜೆ ಏಳೂ ಮರಿಗಳು ತೊಯ್ದು ತೊಪ್ಪೆಯಾಗಿ ಬಂದು ಅದರ ಹೊಟ್ಟೆಯಡಿ ನುಗ್ಗಿದವು.

ಬಾತುಮೊಟ್ಟೆಗೆ ಕಾವು ಕೂತಿದ್ದ ನೆರೆಯ ಕೋಳಿ ಮರುದಿನ ಬಂದು ಕೇಳಿತು: "ಅಕ್ಕಾ, ನನಗೂ ಬುದ್ಧಿ ಹೇಳು."

"ಮೊದಲು ನನ್ನ ಮರಿಗಳನ್ನು ಎಣಿಸು," ಎಂದಿತು ಕೋಳಿ. "ಆಮೇಲೆ ನನ್ನ ಮಾತು ಕೇಳು."